ಮಾಗಿಯ ಚಳಿಯಲ್ಲಿ ಕೆಂಕೆರೆಗೆ

ನಮ್ಮ ನಾಡಿನ ಪ್ರವಾಸ ಕಥನಗಳಲ್ಲಿ ಹಂಪಿ, ಬೇಲೂರು, ಬಾದಾಮಿಗಳಿಗೆ ದೊರೆತ ಸ್ಥಾನ ಸಣ್ಣ ಊರುಗಳಿಗೆ ದೊರೆತಿಲ್ಲ. ನೋಡಲು ಅಲ್ಲಿ ಏನಿದೆ ಎಂದು ಕೇಳುವವರು ಹೆಚ್ಚು. ನಾನು ಇಲ್ಲಿ ಹೇಳಹೊರಟಿರುವ ಊರಿಗೂ ಪ್ರವಾಸಿಗರು ಹೋಗುವುದಿಲ್ಲ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿನ ಮಗ್ಗುಲಲ್ಲಿರುವ ಕೆಂಕೆರೆ ಅದು. ಅಲ್ಲಿಗೆ ನಾನು ಹೋದುದು ನೋಡುವುದಕ್ಕಾಗಿ ಅಲ್ಲ, ಒಂದು ಹಳೆಯ ಋಣವನ್ನು ನೆನೆದು. ಹೋಗುವುದರಲ್ಲಿ ಐವತ್ತು ವರ್ಷ ಕಳೆದಿತ್ತು ಎಂಬುದನ್ನು ಮೊದಲೇ ಹೇಳಿಬಿಡುವುದು ಮೇಲು.

ಊರಿನ ಹೆಸರಿನಿಂದಲೇ ಆರಂಭಿಸುತ್ತೇನೆ, ವ್ಯಾಕರಣ ಪಾಠ ಹೇಳಿ ಬದುಕಿದವನಿಗೆ ಇದು ಬಿಡದ ಚಾಳಿ. ಕೆಂಪು ಮತ್ತು ಕೆರೆ ಎಂದು ಬಿಡಿಸಿಕೊಂಡರೆ ಕೇಶಿರಾಜನ ಸೂತ್ರದಂತೆ ಕಕಾರಕ್ಕೆ ಗಕಾರ ಆದೇಶವಾಗಿ ‘ಕೆಂಗೆರೆ’ ಎಂದಾಗಬೇಕಿತ್ತು. ಕೆಂಗಣ್ಣು, ಕೆಂದಾವರೆಗಳು ಹಾಗೆಯೇ ಆದವು. ಆದರೆ ಊರಿನ ಜನ ಸೂತ್ರಕ್ಕೆ ಒಳಗಾಗದೆ ‘ಕೆಂಕೆರೆ’ ಎಂದೇ ಉಳಿಸಿಕೊಂಡರು. ಮಠದಲ್ಲಿ ಓದುತ್ತಿದ್ದಾಗ ಈ ಮಾತನ್ನು ಆ ಊರಿನವನೇ ಆದ ನನ್ನ ಸಹಪಾಠಿಗೆ ಹೇಳಿ ಚುಡಾಯಿಸಿದ್ದುಂಟು. “ನಿಮ್ಮ ಕೇಶಿರಾಜ ನಮ್ಮೂರಿಗೆ ಬಂದಿದ್ದರೆ ತಾನೆ!” ಎಂದು ಅವನು ನಕ್ಕಿದ್ದನು.

1974ರ ಜನವರಿ. ಪುಷ್ಯ ಮಾಸದ ಚಳಿ. ನಾನು ಆಗ ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಹತ್ತನೆಯ ತರಗತಿಯ ಹುಡುಗ. ಸುಗ್ಗಿಯ ದಿನಗಳಲ್ಲಿ ಸುತ್ತಿನ ಸೀಮೆಯ ರೈತರು ಮಠಗಳ ದಾಸೋಹಕ್ಕೆ ರಾಗಿ, ಕಾಳು, ತೆಂಗು ನೀಡುವುದು ನಮ್ಮ ಕಡೆಯ ಹಳೆಯ ವಾಡಿಕೆ. ಅವನ್ನು ಸಂಗ್ರಹಿಸಿ ತರಲು ಲಾರಿಯೊಡನೆ ದೊಡ್ಡ ಹುಡುಗರನ್ನು ಕಳುಹಿಸುತ್ತಿದ್ದರು. ಆ ವರ್ಷ ನಮ್ಮ ಪಾಳಿಗೆ ಬಂದದ್ದು ಹುಳಿಯಾರು ಸೀಮೆ. ಲಾರಿ ಹುಳಿಯಾರಿನಲ್ಲಿ ನಿಂತಿತು. ಅಲ್ಲಿಂದ ಕತ್ತಲಲ್ಲಿ ಎತ್ತಿನ ಗಾಡಿಯಲ್ಲಿ ಕೆಂಕೆರೆಯ ಸಹಪಾಠಿಯ ಮನೆಗೆ ಹೋದೆವು. ಮೈಮೇಲೆ ಒಂದು ಅಂಗಿ, ಒಂದು ಪಂಚೆ. ಮನೆ ತಲಪುವಷ್ಟರಲ್ಲಿ ಹಲ್ಲುಗಳು ಕಟಕಟಿಸುತ್ತಿದ್ದವು. ಬೆಳಗಾಗುವ ಹೊತ್ತಿಗೆ ಜ್ವರ ಏರಿತ್ತು.

ಉಳಿದ ಹುಡುಗರು ಲಾರಿಯೊಡನೆ ಮುಂದೆ ಹೋದರು, ನಾನು ನಾಲ್ಕು ದಿನ ಅಲ್ಲಿಯೇ ಉಳಿದೆ. ಗೆಳೆಯನ ತಾಯಿ ನನ್ನನ್ನು ಒಲೆಯ ಬಳಿ ಮಲಗಿಸಿ, ಕರಿಯ ಕುರಿಯ ಉಣ್ಣೆಯ ಕಂಬಳಿ ಹೊದಿಸಿ, ಮೆಣಸಿನ ಕಷಾಯ ಕುಡಿಸಿ, ರಾಗಿ ಅಂಬಲಿ ಕೊಟ್ಟು ನೋಡಿಕೊಂಡರು. ಒಲೆಯ ಮೇಲೆ, ಬಿದಿರು ಹಾಸಿದ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ. ರಾತ್ರಿ ಇಲಿ ಓಡಾಡಿದಾಗ ಕಾಯೊಂದು ಉರುಳಿ, ಅದರೊಳಗಿನ ಒಣಗಿದ ಕೊಬ್ಬರಿ ಚಿಪ್ಪಿಗೆ ಬಡಿದು ಗಡಗಡ ಎನ್ನುತ್ತಿತ್ತು. ಜ್ವರದಲ್ಲಿ ಬೆಚ್ಚಿದ ನನಗೆ ಆ ತಾಯಿ, “ಹೆದರಬೇಡ ಮಗ, ಅದು ಕೊಬ್ಬರಿ ಮಾತಾಡ್ತದೆ” ಎಂದರು. ಆ ಮಾತು ಇಂದಿಗೂ ಕಿವಿಯಲ್ಲಿದೆ.

ಜ್ವರ ಬಿಟ್ಟ ಮೇಲೆ ಗೆಳೆಯನ ತಂದೆ ತೋಟದ ಮೇಲ್ಭಾಗದಲ್ಲಿ ಗುಂಡಿ ತೆಗೆಯುತ್ತಿದ್ದುದನ್ನು ಕಂಡೆ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಚಳಿಗಾಲದಲ್ಲಿ ಗುಂಡಿ ತೆಗೆದು ಬಿಸಿಲಿಗೆ ಬಿಟ್ಟರೆ ಮುಂಗಾರಿಗೆ ಮಣ್ಣು ಹದವಾಗಿರುತ್ತದೆ, ಆಗ ಸಸಿ ಇಡಬೇಕು ಎಂದು ಅವರು ವಿವರಿಸಿದರು. ಉಂಡ ಅನ್ನಕ್ಕೆ ಏನಾದರೂ ಮಾಡಬೇಕೆಂಬ ಹುಡುಗುತನದ ಹಟದಿಂದ ನಾನೂ ಒಂದು ಗುಂಡಿ ತೋಡಿದೆ. ಅರ್ಧ ದಿನ ಹಿಡಿಯಿತು. ಅಂಗೈಯಲ್ಲಿ ಬೊಬ್ಬೆಯೆದ್ದವು. “ಇದರಲ್ಲಿ ಬರೋ ಮರ ನಿಂದೇ” ಎಂದರು ಅವರು. ಹೊರಡುವಾಗ ಆ ತಾಯಿ ಕಂಬಳಿಯನ್ನು ಮಡಿಸಿ ನನ್ನ ಕೈಗಿತ್ತು, “ಹುಷಾರಾದ ಮೇಲೆ ಬಂದು ಹೋಗು” ಎಂದರು.

ನಾನು ಬರಲಿಲ್ಲ. ಓದು, ಉಪನ್ಯಾಸಕನ ಕೆಲಸ, ಮದುವೆ, ಮಕ್ಕಳು, ವರ್ಗಾವಣೆ. ಗೆಳೆಯ ಪಿಯುಸಿ ಮುಗಿಸಿ ತೋಟಕ್ಕೆ ಮರಳಿದ್ದನು. ಸಂಕ್ರಾಂತಿಗೊಂದು ಕಾಗದ ಬರೆಯುತ್ತಿದ್ದನು, ಅದರ ಕೊನೆಯ ಸಾಲಿನಲ್ಲಿ ಪ್ರತಿವರ್ಷವೂ “ಜ್ವರದ ಹುಡುಗ ಯಾವಾಗ ಬರುತ್ತಾನೆ ಎಂದು ಅಮ್ಮ ಕೇಳುತ್ತಾಳೆ” ಎಂದಿರುತ್ತಿತ್ತು. ಮುಂದಿನ ಚಳಿಗೆ ಖಂಡಿತ ಎಂದು ನಾನೂ ಬರೆಯುತ್ತಿದ್ದೆ. 2021ರ ಬೇಸಗೆಯಲ್ಲಿ, ಲಾಕ್‌ಡೌನ್ ಇದ್ದ ದಿನಗಳಲ್ಲಿ, ಆ ತಾಯಿ ತೀರಿಕೊಂಡ ಸುದ್ದಿ ದೂರವಾಣಿಯಲ್ಲಿ ಬಂದಿತು. ಹೋಗಲು ಸಾಧ್ಯವಿರಲಿಲ್ಲ. ಆದರೆ ಸಾಧ್ಯವಿದ್ದ ನಲವತ್ತೇಳು ವರ್ಷಗಳಲ್ಲಿ ಹೋಗದವನು ಲಾಕ್‌ಡೌನಿನ ನೆಪ ಹೇಳುವುದು ಹೇಗೆ?

2024ರ ಜನವರಿಯ ಮೊದಲ ವಾರದಲ್ಲಿ ಕೊನೆಗೂ ಹೊರಟೆ. ತಮ್ಮನ ಮಗ ಕಾರು ಓಡಿಸಿದನು. ನನ್ನ ಶ್ರೀಮತಿ ಹಿಂದಿನ ಆಸನದಲ್ಲಿ ಬುತ್ತಿಯೊಡನೆ ಕುಳಿತಳು. ಕಬ್ಬಿಣದ ಪೆಟ್ಟಿಗೆಯಿಂದ ಹೊರಬಂದ ಆ ಕಂಬಳಿ ಅವಳ ಪಕ್ಕದಲ್ಲಿತ್ತು. “ದೊಡ್ಡಪ್ಪ, ನೂರು ಕಿಲೋಮೀಟರೂ ಇಲ್ಲ, ಎರಡು ಗಂಟೆ ಸಾಕು” ಎಂದು ಹುಡುಗ ಮೊಬೈಲಿನ ನಕ್ಷೆ ತೋರಿಸಿದನು. ಆ ಎರಡು ಗಂಟೆಯ ದಾರಿಗೆ ನಾನು ಐವತ್ತು ವರ್ಷ ತೆಗೆದುಕೊಂಡಿದ್ದೆ. ಮಾತನಾಡದೆ ಕುಳಿತೆ.

ತುಮಕೂರಿನಿಂದ ಬೆಳಗ್ಗೆ ಆರಕ್ಕೆ ಹೊರಟಾಗ ಮಂಜು ದಟ್ಟವಾಗಿತ್ತು. ಹಿಂದೆ 206ನೆಯ ಸಂಖ್ಯೆಯಿಂದ ಕರೆಯುತ್ತಿದ್ದ ಶಿವಮೊಗ್ಗ ಹೆದ್ದಾರಿಯಲ್ಲಿ ಸಾಗಿ ಗುಬ್ಬಿ ತಲಪಿದೆವು. ಈ ಊರು ಎರಡು ಕಾರಣಗಳಿಂದ ಕನ್ನಡಿಗರಿಗೆ ಪ್ರಿಯವಾದುದು. ‘ಭಾವಚಿಂತಾರತ್ನ’ವನ್ನೂ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದ ಹದಿನಾರನೆಯ ಶತಮಾನದ ಮಲ್ಲಣಾರ್ಯ ಈ ಊರಿನ ಹೆಸರಿನಿಂದ ಪ್ರಸಿದ್ಧ. 1884ರಲ್ಲಿ ಇಲ್ಲಿಯೇ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನ ದೊಡ್ಡ ನಾಟಕ ಕಂಪನಿಯಾಯಿತು. ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌.ಎ.ಎಲ್‌. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಪುರಾಣ, ರಂಗಭೂಮಿ, ಹೆಲಿಕಾಪ್ಟರ್‌ ಮೂರನ್ನೂ ಒಂದೇ ತಾಲ್ಲೂಕು ಹೊತ್ತಿದೆ.

ಹೊಯ್ಸಳರ ಕಾಲದ ಜೈನ ಬಸದಿಯಿರುವ ನಿಟ್ಟೂರನ್ನು ದಾಟಿ ಕಿಬ್ಬನಹಳ್ಳಿ ಕ್ರಾಸಿಗೆ ಬಂದೆವು. ನೇರ ಹೋದರೆ ತಿಪಟೂರು, ಎಡಕ್ಕೆ ತುರುವೇಕೆರೆ, ಬಲಕ್ಕೆ ಚಿಕ್ಕನಾಯಕನಹಳ್ಳಿ. ಕಲ್ಪವೃಕ್ಷದ ಸೀಮೆಯ ಮೂರು ಊರುಗಳ ದಾರಿಗಳು ಕೂಡುವ ಈ ಕ್ರಾಸಿನಲ್ಲಿ ಬಿಸಿ ಕಾಫಿ ಕುಡಿದು ಬಲಕ್ಕೆ ತಿರುಗಿದೆವು. ಮಂಜು ಕರಗುತ್ತ ಬಂದಂತೆ ರಸ್ತೆಯ ಎರಡು ಬದಿಯಲ್ಲಿಯೂ ತೆಂಗು ಕಾಣಿಸಿತು. ಆದರೆ ಅದು ನನ್ನ ನೆನಪಿನ ತೆಂಗು ಅಲ್ಲ. ಎಷ್ಟೋ ತೋಟಗಳಲ್ಲಿ ಗರಿಗಳು ಜೋತುಬಿದ್ದಿದ್ದವು. ಕೆಲವು ಮರಗಳಲ್ಲಿ ಸುಳಿಯೇ ಇರಲಿಲ್ಲ, ಬೋಳು ಕಂಬಗಳಂತೆ ನಿಂತಿದ್ದವು.

ಚಿಕ್ಕನಾಯಕನಹಳ್ಳಿಗೆ ಹಾಗಲವಾಡಿಯ ಪಾಳೆಯಗಾರರ ಮನೆತನದ ಚಿಕ್ಕನಾಯಕನ ಹೆಸರು. ನಮ್ಮಂಥ ಕನ್ನಡ ಮೇಷ್ಟರಿಗೆ ಮಾತ್ರ ಇದು ತೀ.ನಂ.ಶ್ರೀಯವರ ತಾಲ್ಲೂಕು. ‘ಭಾರತೀಯ ಕಾವ್ಯಮೀಮಾಂಸೆ’ಯನ್ನು 1953ರಲ್ಲಿ ನಮಗೆ ಕೊಟ್ಟ ಆ ಮಹನೀಯರು 1906ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ತೀರ್ಥಪುರದಲ್ಲಿ. ಈ ಸೀಮೆಯ ಗುಡ್ಡಗಳಲ್ಲಿಯೇ, ಮದುವಣಿಗನೊಬ್ಬನ ದುರಂತದ ಜನಪದ ಕಥೆಯನ್ನು ಹೊತ್ತ ಮದಲಿಂಗನ ಕಣಿವೆಯೂ ಇದೆ. ಅದೇ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರೂ ಇದೆ. ಅದಿರು ಲಾರಿಗಳ ಕೆಂಧೂಳು ತೆಂಗಿನ ಗರಿಗಳ ಮೇಲೆ ಕೂರುತ್ತಿದ್ದ ಕಾಲವೊಂದಿತ್ತು. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ತಡೆದಾಗ ಆ ಲಾರಿಗಳ ಸಾಲು ನಿಂತಿತು.

ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಕಡೆಗೆ ಸಾಗುತ್ತಿದ್ದಾಗ ನಮ್ಮ ಪ್ರಯಾಣದ ಮರೆಯಲಾಗದ ಪ್ರಸಂಗ ನಡೆಯಿತು. ಮಾಗಿಯಲ್ಲಿ ಈ ಸೀಮೆಯ ರಸ್ತೆಗಳೇ ಕಣಗಳಾಗುತ್ತವೆ. ಸಗಣಿ ಸಾರಿಸಿದ ಕಣವೂ ಇಲ್ಲ, ರೋಣಗಲ್ಲು ಎಳೆಯುವ ಎತ್ತುಗಳೂ ಇಲ್ಲ. ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹಾಸಿಬಿಟ್ಟರೆ ಓಡಾಡುವ ವಾಹನಗಳೇ ಕಾಳು ಬಿಡಿಸುತ್ತವೆ. 2023ರಲ್ಲಿ ಮುಂಗಾರು ಕೈಕೊಟ್ಟು ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತ್ತು. ರಾಗಿ ಹೋದವರು ಹಿಂಗಾರಿನಲ್ಲಿ ಒಂದಿಷ್ಟು ಹುರುಳಿ ಚೆಲ್ಲಿ, ಬಂದಷ್ಟನ್ನು ರಸ್ತೆಗೆ ತಂದಿದ್ದರು. ನಮ್ಮ ಕಾರು ಅದರ ಮೇಲೆ ಹಾದುಹೋಯಿತು. ಹತ್ತು ಮಾರು ಹೋಗುವಷ್ಟರಲ್ಲಿ ಸುಟ್ಟ ವಾಸನೆ, ಅಡಿಯಿಂದ ಹೊಗೆ. ಹುರುಳಿಯ ಬಳ್ಳಿ ಚಕ್ರದ ಅಚ್ಚಿಗೆ ಹಗ್ಗದಂತೆ ಸುತ್ತಿಕೊಂಡಿತ್ತು.

ನಾವು ಮೂವರೂ ಗಾಬರಿಯಿಂದ ಇಳಿದೆವು. ಹುರುಳಿ ಹಾಸಿದ ಮನೆಯ ಹೆಂಗಸು ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದು ಕೈಯಲ್ಲಿ ಬಿಂದಿಗೆ ನೀರು ಹಿಡಿದು ಓಡಿಬಂದಳು. ಅವಳ ಗಂಡ ರಸ್ತೆಯ ಮೇಲೆ ಮಲಗಿ ಕಾರಿನ ಅಡಿಗೆ ತೂರಿದನು. ನೀರು ಎರಚಿ ಹೊಗೆ ಆರಿಸಿದರು. ಬಳ್ಳಿಯನ್ನು ಎಳೆ ಎಳೆಯಾಗಿ ಕುಯ್ದು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ನನ್ನ ತಮ್ಮನ ಮಗನಿಗೆ ಸಿಟ್ಟು ಬಂದಿತ್ತು. ರಸ್ತೆಯಲ್ಲಿ ಹೀಗೆ ಹಾಕಬಹುದೇ ಎಂದು ಕೇಳಿಯೇಬಿಟ್ಟನು. ಆಕೆ ತಲೆ ತಗ್ಗಿಸಿ, “ತಪ್ಪೇ ಸ್ವಾಮಿ. ಎತ್ತಿಲ್ಲ, ಕಣ ಇಲ್ಲ, ಎಲ್ಲಿ ಬಡಿಯಾನ?” ಎಂದಳು. ಹುಡುಗ ಸುಮ್ಮನಾದನು. ಶ್ರೀಮತಿ ಬುತ್ತಿ ಬಿಚ್ಚಿದಳು. ರಸ್ತೆಯ ಬದಿಯ ಹುಣಸೆಯ ನೆರಳಿನಲ್ಲಿ ಎರಡು ಮನೆಯವರೂ ಕುಳಿತು ಚಪಾತಿ, ಅವರೆಕಾಳಿನ ಪಲ್ಯ ತಿಂದೆವು. ಹೊರಡುವಾಗ ಹಣ ಕೊಡಹೋದರೆ ಅವರು ಮುಟ್ಟಲಿಲ್ಲ. ಬದಲಾಗಿ ಆಕೆಯೇ ಎರಡು ಸೇರು ಹುರುಳಿಯನ್ನು ಶ್ರೀಮತಿಯ ಚೀಲಕ್ಕೆ ಸುರಿದಳು. ರಸ್ತೆಯಲ್ಲಿ ಒಕ್ಕುವುದು ಅಪಾಯ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಹುರುಳಿಯ ಸಾರನ್ನು ಉಣ್ಣುವಾಗ ಎತ್ತಿಲ್ಲದ ಆ ಮನೆಯ ನೆನಪು ನಮಗೆ ಬಾರದೆ ಇರಲಿಲ್ಲ.

ಹುಳಿಯಾರು ನಾಲ್ದಿಕ್ಕಿನ ದಾರಿಗಳು ಕೂಡುವ ಪೇಟೆ. ಬಳ್ಳಾರಿ, ಹಿರಿಯೂರಿನಿಂದ ಇಳಿದು ಮೈಸೂರಿಗೆ ಹೋಗುವ ಹೆದ್ದಾರಿಯೂ, ಬಾಣಾವರದಿಂದ ಶಿರಾಕ್ಕೆ ಹೋಗುವ ಹೆದ್ದಾರಿಯೂ ಇಲ್ಲಿ ಒಂದನ್ನೊಂದು ದಾಟುತ್ತವೆ. ಸಿದ್ಧರಾಮೇಶ್ವರನ ಯಳನಾಡು ಹತ್ತಿರದಲ್ಲಿದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನನ್ನು ಇಂಥ ನೀರಿಲ್ಲದ ಸೀಮೆಯ ಜನ ದೈವವಾಗಿ ಒಪ್ಪಿಕೊಂಡದ್ದು ಆಶ್ಚರ್ಯವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಅರಸರ ಆಡಳಿತ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಬೋರನಕಣಿವೆ ಜಲಾಶಯವೂ ಈ ಸುತ್ತಿನಲ್ಲಿಯೇ ಇದೆ. ನೀರನ್ನು ಹಿಡಿದಿಡುವುದೇ ಇಲ್ಲಿನ ಬದುಕಿನ ಮೊದಲ ವಿದ್ಯೆ.

ಕೆಂಕೆರೆಯಲ್ಲಿ ಗೆಳೆಯ ಜಗಲಿಯ ಮೇಲೆ ಕಾದಿದ್ದನು. “ಬಂದೆಯಾ ಮಹರಾಯ!” ಎಂದು ಎದ್ದು ನಿಂತನು. ತಲೆ ಪೂರ್ತಿ ನರೆತಿತ್ತು. ನನ್ನ ಶ್ರೀಮತಿಯನ್ನು “ಬಾ ತಂಗಿ” ಎಂದು ಕರೆದು ಕೈಕಾಲಿಗೆ ನೀರು ಕೊಡಿಸಿದನು. ಅವನ ಮನೆಯಾಕೆ ಒಳಗಿನಿಂದಲೇ ಇಣುಕಿ, “ಜ್ವರದ ಹುಡುಗ ಇವರೇ ಏನು?” ಎಂದರು. ಆ ಹೆಸರಿನಿಂದಲೇ ನಾನು ಆ ಮನೆಯಲ್ಲಿ ಐವತ್ತು ವರ್ಷ ಬದುಕಿದ್ದೆ. ನಾನು ಕಂಬಳಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತೆ. ಯಾರಿಗೆ ಕೊಡುವುದು? ಗೋಡೆಯ ಮೇಲೆ ವಿಭೂತಿ ಧರಿಸಿದ ಆ ತಾಯಿಯ ಭಾವಚಿತ್ರವಿತ್ತು. ಗೆಳೆಯ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೂಸಿ ನೋಡಿ, ಜಗಲಿಯ ಮೇಲೆ ಹಾಸಿ, “ಕೂತುಕೋ” ಎಂದನು. ಇಬ್ಬರೂ ಅದರ ಮೇಲೆ ಕುಳಿತೆವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಊಟವಾದ ಮೇಲೆ ಅವನು ಅಟ್ಟ ತೋರಿಸಿದನು. ಈ ಸೀಮೆಯ ಉಂಡೆ ಕೊಬ್ಬರಿ ಹೇಗೆ ಆಗುತ್ತದೆಂಬುದು ಪಟ್ಟಣದ ಓದುಗರಿಗೆ ತಿಳಿದಿರಲಾರದು. ಮಂಗಳೂರು, ಕೇರಳಗಳಲ್ಲಿ ಕಾಯಿಯನ್ನು ಒಡೆದು ಬಿಸಿಲಿಗಿಟ್ಟು ಒಣಗಿಸುವಂತೆ ಇಲ್ಲಿ ಮಾಡುವುದಿಲ್ಲ. ಚೆನ್ನಾಗಿ ಬಲಿತ ಕಾಯನ್ನು ಸಿಪ್ಪೆಯೊಡನೆ ಅಟ್ಟಕ್ಕೇರಿಸಿ ಎಂಟು ತಿಂಗಳು, ಹತ್ತು ತಿಂಗಳು, ಒಮ್ಮೊಮ್ಮೆ ಒಂದು ವರ್ಷ ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಡುತ್ತದೆ. ಅಲ್ಲಾಡಿಸಿದಾಗ ಗಡಗಡ ಸದ್ದಾದರೆ ಹದ ಬಂದಿತೆಂದು ಅರ್ಥ. ಆಮೇಲೆ ಸಿಪ್ಪೆ ಸುಲಿದು, ಚಿಪ್ಪನ್ನು ಜಾಣತನದಿಂದ ಒಡೆದು, ಉಂಡೆಯನ್ನು ಒಡೆಯದಂತೆ ಹೊರತೆಗೆಯಬೇಕು. ಆ ಉಂಡೆಗಳು ತಿಪಟೂರಿನ ಮಾರುಕಟ್ಟೆಯ ಮೂಲಕ ಉತ್ತರ ಭಾರತದ ಹಬ್ಬ, ಪೂಜೆ, ಮದುವೆಗಳಿಗೆ ಹೋಗುತ್ತವೆ.

ಹಳಗನ್ನಡದಲ್ಲಿ ‘ಕಾಯ್’ ಎಂಬ ಧಾತುವಿಗೆ ಬಿಸಿಯಾಗು, ರಕ್ಷಿಸು, ಕಾಯಿ ಬಿಡು ಎಂಬ ಅರ್ಥಗಳಿವೆ. ಕಾದಿರುವುದು ಎಂಬ ಮಾತೂ ಅದರಿಂದಲೇ. ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ ಈ ಪಾಠ ಆ ಅಟ್ಟದ ಕೆಳಗೆ ನಿಂತಾಗ ನನಗೇ ಹೊಸದಾಗಿ ತಿಳಿಯಿತು. ಒಲೆಯ ಶಾಖದ ಮೇಲೆ, ಇಲಿ ಹೆಗ್ಗಣಗಳಿಂದ ಕಾಪಾಡಿಕೊಂಡು, ವರ್ಷವಿಡೀ ಕಾದು ಕೂರುವುದೇ ಇಲ್ಲಿನ ಒಕ್ಕಲುತನ.

ಆದರೆ 1974ರಲ್ಲಿ ಇಣುಕಲು ಎಡೆಯಿಲ್ಲದಂತೆ ತುಂಬಿದ್ದ ಅಟ್ಟದಲ್ಲಿ ಈಗ ಒಂದು ಮೂಲೆಯಲ್ಲಿ ಮಾತ್ರ ಕಾಯಿ ಇತ್ತು. ಗೆಳೆಯ ನಮ್ಮನ್ನು ತೋಟಕ್ಕೆ ಕರೆದೊಯ್ದನು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆಯಾಗುವ ಜಿಲ್ಲೆ ಇದು. ಹಿಂದಿನವರು ಕೆರೆಯ ಕೆಳಗೆ, ಹಳ್ಳದ ಬದಿಗೆ, ತೇವ ನಿಲ್ಲುವೆಡೆಯಲ್ಲಿ ಮಾತ್ರ ತೆಂಗು ಇಡುತ್ತಿದ್ದರು. ಬಾವಿ ಬಂದಾಗ ತೋಟ ಮೇಲೇರಿತು, ಕೊಳವೆ ಬಾವಿ ಬಂದಾಗ ದಿಬ್ಬವನ್ನೂ ಹತ್ತಿತು. ಮರವೊಂದಕ್ಕೆ ದಿನಕ್ಕೆ ಐವತ್ತು ಲೀಟರಿನಷ್ಟು ನೀರು ಬೇಕು. ಕೊಳವೆ ಬಾವಿಗಳು ಸಾವಿರ ಅಡಿ ಇಳಿದವು, ಬಳಿಕ ಬತ್ತಿದವು. 1998ರಲ್ಲಿ ದಕ್ಷಿಣ ಭಾರತಕ್ಕೆ ಕಾಲಿಟ್ಟ ನುಸಿಪೀಡೆ ಕಾಯಿಯನ್ನು ಗಂಟುಗಟ್ಟಿಸಿತು. ಕಪ್ಪು ತಲೆ ಹುಳು ಗರಿ ತಿಂದಿತು. 2016ರ ಬಳಿಕ ಬಿಳಿ ನೊಣ ಬಂದು ಗರಿಗಳಿಗೆ ಕಪ್ಪು ಬೂಷ್ಟು ಹಿಡಿಸಿತು. ನೀರಿಲ್ಲದೆ ಸೊರಗಿದ ಮರಕ್ಕೆ ಕಾಂಡ ಸೋರುವ ರೋಗ ಬೇಗ ಹತ್ತುತ್ತದೆ ಎಂದು ಗೆಳೆಯ ಕಾಂಡದ ಮೇಲೆ ಒಣಗಿದ ಕೆಂಗಂದು ರಸದ ಗುರುತುಗಳನ್ನು ಬೆರಳಿನಿಂದ ತೋರಿಸಿದನು.

ತೋಟದ ಮೇಲ್ಭಾಗದಲ್ಲಿ ಹನ್ನೊಂದು ಮರಗಳು ಸುಳಿಯಿಲ್ಲದೆ ನಿಂತಿದ್ದವು. ಪ್ರತಿಯೊಂದಕ್ಕೂ ಸುಣ್ಣದಲ್ಲಿ ಅಂಕಿ ಬರೆದಿತ್ತು. ಇಟ್ಟಿಗೆ ಗೂಡಿನವರು ಬಂದು ಗುರುತು ಹಾಕಿ ಹೋಗಿದ್ದರು. ಗೆಳೆಯ ಬದುವಿನ ಕಲ್ಲಿನಿಂದ ಎಣಿಸಿ ಮೂರನೆಯದರ ಬಳಿ ನಿಂತನು. “ಇದು ನಿನ್ನ ಗುಂಡಿ. ಎಂಟನೇ ವರ್ಷಕ್ಕೆ ಹೊಂಬಾಳೆ ಒಡೆಯಿತು. ವರ್ಷಕ್ಕೆ ಎಂಬತ್ತು ಕಾಯಿ ಕೊಟ್ಟದ್ದೂ ಉಂಟು. ಅಮ್ಮ ಇದರ ಮೊದಲ ಕೊನೆಯನ್ನು ಮಠಕ್ಕೆ ಕಳಿಸಿದ್ದಳು. ನಿನಗೆ ತಿಳಿಸು ಅಂದಿದ್ದಳು, ನಾನು ಬರೆಯಲು ಮರೆತೆ” ಎಂದನು.

ನಾನು ಆ ಕಾಂಡದ ಮೇಲೆ ಕೈಯಿಟ್ಟೆ. ತೆಂಗು ಅರುವತ್ತು ವರ್ಷ ಮೀರಿಯೂ ಫಲ ಕೊಡುವ ಮರ. ಐವತ್ತರಲ್ಲಿ ಸಾಯಬೇಕಾದುದಲ್ಲ.

“ಮತ್ತೆ ಸಸಿ ಇಡುವುದಿಲ್ಲವೇ?” ಎಂದು ಕೇಳಿದೆ.

“ಇಟ್ಟರೆ ಕಾಯಿ ಕೀಳುವವರು ಯಾರಯ್ಯಾ? ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಹೋದ ವರ್ಷ ಕೇಂದ್ರದವರು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಅಂದರು, ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸು ಕೇಳಿದರು. ಈ ವರ್ಷಕ್ಕೆ 12,000 ಅಂದಿದ್ದಾರೆ. ನಮ್ಮ ಅಪ್ಪ ಗುಂಡಿ ತೆಗೆದಾಗ ಅವನಿಗೆ ನಲವತ್ತೆಂಟು. ನನಗೀಗ ಅರುವತ್ತಾರು.”

ನನ್ನಲ್ಲಿ ಉತ್ತರವಿರಲಿಲ್ಲ. ಉಪದೇಶದ ಮಾತುಗಳು ನನಗೆ ಬೇಕಾದಷ್ಟು ಕಂಠಪಾಠವಿವೆ. ಆದರೆ ನಲವತ್ತೇಳು ಪತ್ರಗಳಿಗೆ “ಮುಂದಿನ ಚಳಿಗೆ” ಎಂದು ಉತ್ತರಿಸಿದವನಿಗೆ ಅಲ್ಲಿ ನಿಂತು ಉಪದೇಶಿಸುವ ಅಧಿಕಾರವಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ಅನಿಸಿದ್ದು ಇಷ್ಟೆ. ಅಟ್ಟದ ಮೇಲಿನ ಕಾಯಿ ಕಾದಷ್ಟೂ ಹದಗೊಳ್ಳುತ್ತದೆ. ಮನುಷ್ಯರ ನಡುವಿನ ಋಣ ಹಾಗಲ್ಲ, ಅದನ್ನು ಕಾಯಿಸಿದರೆ ಸುಳಿ ಒಣಗುತ್ತದೆ.

ಸಂಜೆ ಹೊರಡುವಾಗ ಗೆಳೆಯ ಅಟ್ಟ ಹತ್ತಿ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ ನೋಡಿದನು. ಹದ ಬಂದದ್ದನ್ನು ಕೊಡುತ್ತಾನೆಂದುಕೊಂಡಿದ್ದೆ. ಅವನು ಸದ್ದು ಮಾಡದ ಐದು ಕಾಯಿಗಳನ್ನು ಆರಿಸಿ ಚೀಲಕ್ಕೆ ಹಾಕಿದನು. “ಇವುಗಳಲ್ಲಿ ಇನ್ನೂ ನೀರಿದೆ. ನಿನ್ನ ಮನೆಯಲ್ಲಿ ಬೆಚ್ಚಗಿರುವ ಕಡೆ ಇಡು. ಮಾತಾಡತೊಡಗಿದಾಗ ಒಂದನ್ನು ತೆಗೆದುಕೊಂಡು ಬಾ. ಈ ಸಲ ಕಾಗದ ಬರೆಯಬೇಡ” ಎಂದನು. ಕಂಬಳಿಯನ್ನು ಮಡಿಸಿ ಮತ್ತೆ ನನ್ನ ಶ್ರೀಮತಿಯ ಕೈಗೆ ಕೊಟ್ಟನು. “ಚಳಿ ಇದೆ ತಂಗಿ, ದಾರಿಯಲ್ಲಿ ಹೊದ್ದುಕೊಳ್ಳಲಿ” ಎಂದನು. ದಾರಿಯಲ್ಲಿ ನಾನು ಹೊದ್ದುಕೊಂಡೆ.

ನಮ್ಮದು ತಾರಸಿ ಮನೆ, ಅಟ್ಟವಿಲ್ಲ. ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಐದು ಕಾಯಿಗಳನ್ನೂ ಇಟ್ಟೆವು. ತಿಂಗಳಿಗೊಮ್ಮೆ ಶ್ರೀಮತಿ ಇಳಿಸಿ ಅಲ್ಲಾಡಿಸುತ್ತಿದ್ದಳು. ಶ್ರಾವಣದಲ್ಲಿ ನೀರಿನ ಸದ್ದು ಸಣ್ಣದಾಯಿತು. ಎರಡು ಕೊಳೆತವು. ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಅವಳು ಒಂದು ಕಾಯನ್ನು ನನ್ನ ಕಿವಿಯ ಬಳಿ ಹಿಡಿದಳು. ಗಡಗಡ.

2025ರ ಜನವರಿಯಲ್ಲಿ ಮತ್ತೆ ಹೋದೆವು, ಕಾಗದ ಬರೆಯಲಿಲ್ಲ. ಬೋಳು ಮರಗಳು ಇಟ್ಟಿಗೆ ಗೂಡಿಗೆ ಹೋಗಿದ್ದವು. ಆ ಜಾಗದಲ್ಲಿ ಗೆಳೆಯ ಕೂಲಿಯಾಳಿನೊಡನೆ ಗುಂಡಿ ತೆಗೆಸುತ್ತಿದ್ದನು. ಅವನು ನನ್ನ ಮುಖ ನೋಡಿ ನಕ್ಕು, “ಎಲ್ಲವೂ ತೆಂಗಿಗಲ್ಲ. ಐದು ತೆಂಗಿಗೆ, ಆರು ಹುಣಸೆಗೆ. ಹುಣಸೆ ನೀರು ಕೇಳುವುದಿಲ್ಲ. ಯಾರಾದರೂ ಕೀಳಲಿ ಬಿಡು” ಎಂದನು. ನನ್ನ ಬೆನ್ನು ಈಗ ಗುದ್ದಲಿ ಹಿಡಿಯಲು ಬಿಡುವುದಿಲ್ಲ. ತಮ್ಮನ ಮಗ ಬೂಟು ಕಳಚಿ ಗುಂಡಿಗಿಳಿದನು. ನಾನು ಮೊಳದಿಂದ ಆಳ ಅಳೆಯುತ್ತ ದಡದಲ್ಲಿ ಕುಳಿತೆ.

ಆ ವರ್ಷವೇ ಕೊಬ್ಬರಿಯ ಬೆಲೆ ಕ್ವಿಂಟಾಲಿಗೆ 25,000 ರೂಪಾಯಿಯನ್ನೂ ಮೀರಿತು. ದೂರವಾಣಿಯಲ್ಲಿ ಗೆಳೆಯ ಬೇಸರವೂ ನಗೆಯೂ ಬೆರೆತ ದನಿಯಲ್ಲಿ, “ಬೆಲೆ ಬಂತು, ಅಟ್ಟ ಖಾಲಿ” ಎಂದನು. ಮುಂಗಾರಿನಲ್ಲಿ ಐದು ಸಸಿಗಳನ್ನೂ ಇಟ್ಟದ್ದಾಯಿತು ಎಂದೂ ಸೇರಿಸಿದನು. ಬದುವಿನ ಕಲ್ಲಿನಿಂದ ಮೂರನೆಯ ಗುಂಡಿಯಲ್ಲಿ ಇಟ್ಟದ್ದು ತೆಂಗೇ, ಹುಣಸೆಯಲ್ಲ ಎಂಬುದನ್ನು ನಾನು ಕೇಳುವ ಮೊದಲೇ ಹೇಳಿದನು.